ಮೇಡಂ ಹೊಡೆಸಿದ ಗಂಟೆ

ಯಲಬುರ್ಗಾದ ನಮ್ಮ ಕಾಲೇಜಿನ ಕಂಪ್ಯೂಟರ್ ಮೇಡಂ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡೇ ಪಾಠ ಮಾಡುತ್ತಿದ್ದರು. ಏನು ಕೆಟ್ಟರೂ ಅವರದು ಒಂದೇ ಮಾತು: "ತಿದ್ದಾಕ ಬರ್ತೈತಿ, ತಗೋ."

ಕೊರೋನಾದಿಂದ ಕಾಲೇಜು ಮುಚ್ಚಿದ್ದ ವರ್ಷ ಮೊಬೈಲಿನಲ್ಲಿ ಪಾಠ ಶುರುವಾಯಿತು. ಅದಕ್ಕೆ ಮೇಡಂ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನೇ ಹಟ ಹಿಡಿದು ತಂದರು. ಬಂದವರು ಮಾತ್ರ ನಾಲ್ಕೇ ಮಂದಿ. ಹೀಗಾದರೆ ನಿಲ್ಲಿಸೋಣ ಎಂದರು ಪ್ರಿನ್ಸಿಪಾಲರು. ನೀನೇಕೆ ಬರುತ್ತಿಲ್ಲವೆಂದು ಮೇಡಂ ನನಗೆ ಫೋನ್ ಮಾಡಿ ಕೇಳಿದರು.

"ಹೊಲದಾಗ ಇರ್ತೀನ್ರಿ ಮೇಡಂ. ಫೋನ್ ಬದುವಿನ ಮ್ಯಾಲ ಇರ್ತೈತಿ, ಪಾಠದ ಹೊತ್ತಿಗೆ ಟಿಂಗ್ ಅಂದ್ರ ಕೇಳಂಗಿಲ್ರಿ."

"ತಿದ್ದಾಕ ಬರ್ತೈತಿ, ತಗೋ."

ಎರಡು ದಿನ ಬಿಟ್ಟು ನಾನೂ ಅವ್ವನೂ ಕುರ್ಪಿಯಿಂದ ಹೊಲದ ಕಸ ತೆಗೆಯುತ್ತಿದ್ದಾಗ ಬದುವಿನ ಮೇಲಿಂದ ಕಾಲೇಜಿನ ಗಂಟೆ ಹೊಡೆಯಿತು. ನಮ್ಮ ಜವಾನ ಕಬ್ಬಿಣದ ತುಂಡಿಗೆ ಬಡಿಯುವ ಅದೇ ಸದ್ದು! ಮೇಡಂ ಅವನಿಂದ ಹೊಡೆಸಿ, ರೆಕಾರ್ಡ್ ಮಾಡಿ, ತಂತ್ರಾಂಶದೊಳಗೆ ಟಿಂಗ್ ಬದಲು ಕೂರಿಸಿದ್ದರು.

ಮೊಬೈಲಿನ ಪಾಠವೆಲ್ಲ ಆಟ ಎಂದು ದಿನಾ ಗೊಣಗುತ್ತಿದ್ದ ಅವ್ವ ನನ್ನ ಕೈಯಿಂದ ಕುರ್ಪಿ ಕಸಿದುಕೊಂಡಳು.

"ಗಂಟಿ ಹೊಡೀತಲ್ಲ, ಏಳ. ಕಾಲೇಜಿಗೆ ತಡಾ ಆಕ್ಕೈತಿ."