ಅಂಗಳಕ್ಕೆ ಎರಡು ಸಲ ಹಾಸಿದ ಕಲ್ಲು

ಎಂಬತ್ತರ ದಶಕದ ಕೊನೆಯಲ್ಲಿ ನಾವು ಗೋವಾದ ಕುಡಚಡೆಯಲ್ಲಿದ್ದೆವು. ನನ್ನ ಯಜಮಾನರು ಗೌಂಡಿ. ಬಂಗಲೆಗಳ ಅಂಗಳಕ್ಕೆ ಕಲ್ಲು ಹಾಸುವುದು, ಹೂದೋಟದ ಸುತ್ತ ಕಟ್ಟೆ ಕಟ್ಟುವುದು ಇವರ ಕೆಲಸ. ನಮ್ಮ ಎರಡು ಕೋಣೆಯ ಹಂಚಿನ ಮನೆಯ ಮುಂದೆ ಮಾತ್ರ ಬರೀ ಕೆಂಪು ಮಣ್ಣು, ಮಳೆ ಬಂದರೆ ಕೆಸರು.

ಆ ಕೆಸರಿನಲ್ಲಿ ಅತ್ತೆ ಒಮ್ಮೆ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಧೈರ್ಯ ಹೋಯಿತು. ಧಾರವಾಡದ ಕಡೆಯ ಹಳ್ಳಿಯಲ್ಲಿ ದಿನವಿಡೀ ಬಯಲಲ್ಲೇ ಇದ್ದವರು ಇಲ್ಲಿ ಗೋಡೆ ನೋಡುತ್ತ ಕೂತುಬಿಟ್ಟರು.

"ಮಂದಿ ಅಂಗಳಕ್ಕೆಲ್ಲ ಹಾಸ್ತೀರಿ. ಅತ್ತಿಯವರಿಗೆ ಕುಂದ್ರಾಕ ಇಲ್ಲೂ ಒಂದಿಷ್ಟು ಹಾಸ್ರಿ," ಎಂದೆ.

"ಹಾಸೂಣು. ಇವತ್ತ ಕೈ ಏಳವಲ್ವು," ಎಂದರು ಇವರು.

ಸುಳ್ಳಲ್ಲ. ಸಿಮೆಂಟು ತಿಂದ ಆ ಬೆರಳುಗಳಿಗೆ ರೊಟ್ಟಿ ಮುರಿಯುವುದೂ ನೋವಿನ ಕೆಲಸವಾಗಿತ್ತು. ಆ ಮಳೆಗಾಲ ಹಾಗೇ ಕಳೆಯಿತು.

ಬೇಸಿಗೆಯಲ್ಲಿ ನಾನೇ ಶುರು ಮಾಡಿದೆ. ಕೆಲಸದ ಜಾಗದಲ್ಲಿ ಒಡೆದು ಉಳಿದ ಶಹಾಬಾದಿ ಕಲ್ಲುಗಳನ್ನು ಇವರು ಕೇಳಿ ತಂದು ಹಿತ್ತಲಲ್ಲಿ ಒಟ್ಟಿದ್ದರು. ಮಣ್ಣು ಅಗೆದೆ, ಮರಳು ಹರವಿದೆ, ಒಂದೊಂದೇ ತುಂಡು ಹೊತ್ತು ತಂದು ಹೊಂದಿಸುತ್ತ ಹೋದೆ. ಅತ್ತೆ ಬಾಗಿಲಲ್ಲಿ ಕೂತು, "ಆ ಮೂಲ್ಯಾಗ ಸಂದಿ ಬಿಟ್ಟಿ ನೋಡು," ಎನ್ನುವರು. ಸಂಜೆ ನಾನು ಒಲೆಯ ಮುಂದೆ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು.

ಇವರು ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುವವರು. ಎಲ್ಲ ಮುಗಿದ ಮೇಲೆ ಒಂದು ರಜೆಯ ದಿನ ಬೆಳಕಿನಲ್ಲಿ ನೋಡಿದರು. ಚಪ್ಪಲಿ ಬಿಟ್ಟು ಅದರ ಮೇಲೆ ನಿಧಾನಕ್ಕೆ ನಡೆದರು.

"ಚಲೋ ಆಗೇತಿ. ಆದ್ರ ಇಳಿಜಾರು ಮನಿ ಕಡೆ ಆಗೇತಿ. ಮಳಿ ನೀರು ಒಳಗ ಬರತೈತಿ."

"ಬಂದ್ರ ಬರ್ಲಿ ಬಿಡ್ರಿ," ಎಂದೆ. ಸಿಟ್ಟು ಮಾಡುವಷ್ಟೂ ಶಕ್ತಿ ಉಳಿದಿರಲಿಲ್ಲ.

ಮೊದಲ ದೊಡ್ಡ ಮಳೆಗೇ ನೀರು ಹೊಸ್ತಿಲು ದಾಟಿತು. ಅತ್ತೆಯ ಹಾಸಿಗೆ ಎತ್ತಿಕೊಂಡು ಮೂವರೂ ಮೂಲೆಯಲ್ಲಿ ನಿಂತೆವು. ಮಳೆ ನಿಂತೊಡನೆ ಇವರು ಹಾರೆ ತಂದು ಕಲ್ಲು ಕೀಳತೊಡಗಿದರು.

"ಸುಮ್ನ ಕುಂದರ್ರಿ. ಭಾಳ ದಣದೀರಿ."

"ನೀನೂ ದಣದಿ. ಆ ಕಡಿ ಹಿಡಿ."

ಹಿಡಿದೆ. ಮಳೆಗೆ ಇವರ ಕೂಲಿ ಕೆಲಸ ನಿಂತಿತ್ತು. ಮಳೆ ಬಿಡುವು ಕೊಟ್ಟಾಗಲೆಲ್ಲ ಕಲ್ಲು ಎತ್ತಿದೆವು, ಮಣ್ಣು ತಗ್ಗಿಸಿದೆವು, ಮತ್ತೆ ಹಾಸಿದೆವು. ಬಂಗಲೆಗಳಲ್ಲಿ ಹೇಗೆ ಹಾಸುತ್ತಿದ್ದರೋ ಹಾಗೇ ಇಲ್ಲೂ ಇಳಿಜಾರಿನ ಅಳತೆಗೆ ದಾರ ಕಟ್ಟಿ ಹಾಸಿದರು. ಈ ಸಲ ನೀರು ಗಟಾರಕ್ಕೆ ಹರಿಯಿತು. ಗೋಡೆಗೆ ತಾಗಿ ಚಿರೆಕಲ್ಲಿನದೊಂದು ಗಿಡ್ಡ ಕಟ್ಟೆಯನ್ನೂ ಕಟ್ಟಿದರು.

ಮಳೆಗಾಲ ಮುಗಿದ ಮೇಲೆ ಅತ್ತೆ ನನ್ನ ಹೆಗಲು ಹಿಡಿದು ಬಂದು ಆ ಕಟ್ಟೆಯ ಮೇಲೆ ಕೂತರು. ಎದುರಿನ ರಸ್ತೆಯಲ್ಲಿ ಅದಿರಿನ ಟ್ರಕ್ಕುಗಳು ಸಾಲಾಗಿ ಹೋಗುತ್ತಿದ್ದವು.

"ಒಳಗ ನಡೀರಿ, ಧೂಳು ಬರಾಕತ್ತೈತಿ," ಎಂದೆ.

"ಬರ್ಲಿ. ಒಳಗ ಕುಂತು ಸಾಕಾಗೇತಿ."

ನಾನೂ ಪಕ್ಕದಲ್ಲಿ ಕೂತೆ. ಇವರು ಆಗಲೇ ಕಲ್ಲಿನ ಮೇಲೆ ಟವೆಲು ಹಾಸಿ ಮಲಗಿ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ.