ಮುಚ್ಚಿದ ಬಾಗಿಲ ಹಿಂದೆ ಕರಾಚಿ

ಅರಕೆರೆಯ ಚಿಕ್ಕಬೋರಮ್ಮನಿಗೆ ಕ್ರಿಕೆಟ್ಟು ಅಂದರೆ ಆಗುತ್ತಿರಲಿಲ್ಲ. ಗಂಡ ದ್ಯಾವಯ್ಯ ಗದ್ದೆಗೆ ನೀರು ಕಟ್ಟಲು ಹೋಗುವಾಗಲೂ ಟ್ರಾನ್ಸಿಸ್ಟರನ್ನು ಹೆಗಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದ. ಆಟ ಬಿಸಿಯೇರಿದರೆ ನೀರು ತಿರುಗಿಸುವುದನ್ನು ಮರೆತು ಬದುವಿನ ಮೇಲೆ ಕೂತುಬಿಡುತ್ತಿದ್ದ. ನಾಲೆ ನೀರು ಪಕ್ಕದವರ ಗದ್ದೆಗೆ ನುಗ್ಗುತ್ತಿತ್ತು. ಪಕ್ಕದವರು ಬಂದು ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದರು. ಆ ಬೈಗುಳ ಕೇಳಿಸಿಕೊಳ್ಳಬೇಕಾದವಳು ಚಿಕ್ಕಬೋರಮ್ಮ, ದ್ಯಾವಯ್ಯನಲ್ಲ. ಅವನು ಇನ್ನೂ ಬದುವಿನ ಮೇಲೇ ಇರುತ್ತಿದ್ದ.

"ಅದೇನು ಕೇಳೀಯೆ ಅದ್ರಲ್ಲಿ? ಅವ್ನು ಎಸ್ದ, ಇವ್ನು ಒಡ್ದ, ಮುಗೀತು," ಎಂದು ರೇಗುತ್ತಿದ್ದಳು.

"ನಿಂಗೆ ಗೊತ್ತಾಗಾಕಿಲ್ಲ ಬುಡು," ಎಂದಷ್ಟೇ ಅವನು ಹೇಳುತ್ತಿದ್ದುದು.

ಅವನಿಗೊಬ್ಬ ತಮ್ಮ, ಚಲುವಯ್ಯ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರಲ್ಲಿ ಜಗಳ ಹತ್ತಿ ಮನೆ ಎರಡು ಪಾಲಾಯಿತು. ಬೀದಿ ಕಡೆಯ ಅರ್ಧ, ಅದರೊಂದಿಗೆ ನಡುಮನೆ, ಚಲುವಯ್ಯನಿಗೆ ಹೋಯಿತು. ಹಿತ್ತಲ ಕಡೆಯ ಅಡುಗೆಕೋಣೆ ಮತ್ತು ಕೊಟ್ಟಿಗೆ ದ್ಯಾವಯ್ಯನಿಗೆ ಬಂತು. ನಡುಮನೆಯ ಪಡುವಣ ಗೋಡೆಯ ಬುಡದಲ್ಲಿ ಆ ಮನೆತನದವರು ತಲೆತಲಾಂತರದಿಂದ ಹಿರಿಯರಿಗೆ ಎಡೆ ಇಡುತ್ತಿದ್ದರು. ಪಿತೃಪಕ್ಷ ಬಂದಾಗ ಸತ್ತವರು ಬಂದು ಉಣ್ಣುವುದು ಆ ಗೋಡೆಗೆ ಒರಗಿ ಕೂತು. ಬೇರೆ ಗೋಡೆ ಅವರಿಗೆ ಗೊತ್ತಿಲ್ಲ ಎಂದೇ ಎಲ್ಲರೂ ನಂಬಿದ್ದರು.

ಪಾಲು ಮಾಡಿದ ಊರ ಯಜಮಾನ ದಾಸಯ್ಯನವರು ಅದಕ್ಕೊಂದು ನ್ಯಾಯ ಹೇಳಿದರು. ಎರಡು ಮನೆಗಳ ನಡುವಿನ ಬಾಗಿಲು ವರ್ಷವೆಲ್ಲ ಹಾಕಿರಲಿ, ಪಕ್ಷದ ದಿನ ಮಾತ್ರ ತೆಗೆಯಬೇಕು. ಹಿರಿಸೊಸೆ ಬಂದು ಮೊದಲು ಎಲೆ ಹಾಕಬೇಕು. ಯಾವ ವರ್ಷ ಅವಳು ಬರುವುದಿಲ್ಲವೋ ಆ ವರ್ಷದಿಂದ ಬಾಗಿಲು ಮುಚ್ಚಿ ಗೋಡೆ ಕಟ್ಟಿಕೊಳ್ಳಬಹುದು. ಚಲುವಯ್ಯ ಒಪ್ಪಿದ. ಅಂದೇ ಅವನು ಅಣ್ಣ ಅತ್ತಿಗೆಯ ಪಾಲಿನ ಮನೆಗೆ ಪಾಕಿಸ್ತಾನ ಎಂದು ಹೆಸರಿಟ್ಟ. ಅವರ ಕೋಳಿ ತನ್ನ ಕಡೆಗೆ ಬಂದರೆ "ಪಾಕಿಸ್ತಾನದ್ದು ನುಗ್ತು ಕಣ್ಲಾ, ಒಡಿ" ಎಂದು ಕಲ್ಲು ಬೀರುತ್ತಿದ್ದ.

ಕಬ್ಬಿಗೆ ಒಳ್ಳೆಯ ಬೆಲೆ ಬಂದ ವರ್ಷ ಚಲುವಯ್ಯ ನಡುಮನೆಗೆ ಟೀವಿ ತಂದ. ಹಿರಿಯರ ಗೋಡೆಗೆ ಬೆನ್ನು ಕೊಟ್ಟು ಕೂತರೆ ಟೀವಿ ನೇರ ಕಾಣುವಂತೆ ಎದುರು ಗೋಡೆಗೆ ಇರಿಸಿದ. ಆಟದ ದಿನ ಬೀದಿಯವರೆಲ್ಲ ಬಂದು ಸೇರುತ್ತಿದ್ದರು. ದ್ಯಾವಯ್ಯನಿಗೆ ಮಾತ್ರ ಕರೆಯಿರಲಿಲ್ಲ.

ತೊಂಬತ್ತಾರರಲ್ಲಿ, ಬೆಂಗಳೂರಿನಲ್ಲಿ ಭಾರತ ಪಾಕಿಸ್ತಾನ ಆಡಿದ ದಿನ ದ್ಯಾವಯ್ಯನಿಗೆ ತಡೆಯಲಾಗಲಿಲ್ಲ. ಆಗಲೇ ಕೆಮ್ಮು ಹತ್ತಿ ಬಡಕಲಾಗಿದ್ದ. ಟವಲು ಹೊದ್ದುಕೊಂಡು ಓಣಿಗೆ ಹೋಗಿ, ನಡುಮನೆಯ ಕಿಟಕಿ ಸರಳು ಹಿಡಿದು ನಿಂತ. ಒಳಗಿದ್ದವರು ನೋಡಿಯೂ ನೋಡದಂತೆ ಇದ್ದರು. ಸ್ವಲ್ಪ ಹೊತ್ತಿಗೆ ಚಲುವಯ್ಯ ಎದ್ದು ಬಂದು, "ಚಳಿಗಾಳಿ ನುಗ್ತದೆ" ಎಂದು ಕಿಟಕಿ ಮುಚ್ಚಿದ. ದ್ಯಾವಯ್ಯ ಮನೆಗೆ ಬಂದು ಟ್ರಾನ್ಸಿಸ್ಟರು ತಿರುಗಿಸಿದ. ಸೆಲ್ಲು ಮುಗಿಯುತ್ತ ಬಂದಿತ್ತು. ಬರಿಯ ಗೊರಗೊರ ಸದ್ದನ್ನೇ ಕಿವಿಗೆ ಇಟ್ಟುಕೊಂಡು ಮಲಗಿದ. ಅದೇ ವರ್ಷ ಆಷಾಢದಲ್ಲಿ ತೀರಿಕೊಂಡ.

ಸತ್ತು ವರ್ಷ ತುಂಬುವವರೆಗೆ ಅವರ ಮನೆಯಲ್ಲಿ ಸತ್ತವರನ್ನು ಪಕ್ಷಕ್ಕೆ ಸೇರಿಸುವ ಪದ್ಧತಿಯಿಲ್ಲ. ಹಾಗಾಗಿ ತೊಂಬತ್ತೇಳರ ಪಕ್ಷವೇ ದ್ಯಾವಯ್ಯನಿಗೆ ಮೊದಲ ಎಡೆ. ಆ ಗೋಡೆಯ ಬುಡದಲ್ಲಿ ಅವನ ಎಲೆ ಬಿದ್ದರೆ ಅಪ್ಪ ಅವ್ವನ ಸಾಲಿಗೆ ಸೇರುತ್ತಾನೆ. ಬೀಳದಿದ್ದರೆ ಹೊರಗೇ ನಿಲ್ಲುತ್ತಾನೆ. ಚಿಕ್ಕಬೋರಮ್ಮ ಹದಿನೈದು ದಿನ ಮೊದಲೇ ಕೋಳಿ ಗೊತ್ತು ಮಾಡಿದಳು, ಹೊಸ ಪಂಚೆ ತರಿಸಿದಳು. ಅತ್ತ ಚಲುವಯ್ಯ ಜಗುಲಿಯ ಪಕ್ಕ ಇಟ್ಟಿಗೆ ಇಳಿಸಿ ಜೋಡಿಸಿದ. ಆ ಸಲ ಅತ್ತಿಗೆ ಬರದಿದ್ದರೆ ನಡುಬಾಗಿಲಿಗೆ ಗೋಡೆ ಎಬ್ಬಿಸಲು ಎಂದು ಎಲ್ಲರಿಗೂ ಗೊತ್ತಿತ್ತು.

ಆ ಮನೆಯವರು ಪಕ್ಷ ಮಾಡುವುದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಆ ಸಲ ಅದು ಮಂಗಳವಾರ ಬಿತ್ತು. ಅದೇ ಹೊತ್ತಿಗೆ ಎಷ್ಟೋ ವರ್ಷಗಳ ಮೇಲೆ ನಮ್ಮ ತಂಡ ಪಾಕಿಸ್ತಾನಕ್ಕೆ ಹೋಗಿ ಒಂದು ದಿನದ ಮೂರು ಪಂದ್ಯ ಆಡುತ್ತಿತ್ತು. ಭಾನುವಾರ ಮೊದಲನೆಯದು ಸೋತಿತ್ತು. ಎರಡನೆಯದು ಕರಾಚಿಯಲ್ಲಿ, ಮಂಗಳವಾರ. ಚಲುವಯ್ಯ ಬೀದಿಬೀದಿಗೆ ಹೋಗಿ ಜನರನ್ನು ಕರೆದ. ಯಾವತ್ತೂ ಹಾಗೆ ಕರೆದವನಲ್ಲ.

ಚಿಕ್ಕಬೋರಮ್ಮನ ಮಗ ತಿಮ್ಮರಾಜು ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ದಿನ ರಜೆ ಹಾಕಿ ಬಂದವನು, ತುಂಬಿದ ನಡುಮನೆಯನ್ನು ಇಣುಕಿ ನೋಡಿ ಬಂದು ತಾಯಿಗೆ ಹೇಳಿದ. "ಬುಡವ್ವ, ಜಗಳ ಯಾಕೆ. ನಮ್ಮ ಅಡ್ಗೆಮನೇಲೇ ಎಡೆ ಮಡಗಾನ."

"ನಿಮ್ಮಪ್ಪ ಅಲ್ಲಿಗೆ ಬತ್ತಾನೆ, ನಾವು ಇಲ್ಲಿ ಮಡಗಾನವಾ?" ಎಂದಳು ಚಿಕ್ಕಬೋರಮ್ಮ. "ನೀನು ಎಲೆ ತೊಳಿ."

ಮಧ್ಯಾಹ್ನವೆಲ್ಲ ನಡುಬಾಗಿಲಿನ ಆಚೆಯಿಂದ ಕೂಗಾಟ ಕೇಳುತ್ತಿತ್ತು. ಕರಾಚಿಯಲ್ಲಿ ಜನ ನಮ್ಮವರ ಮೇಲೆ ಕಲ್ಲು ತೂರಿದರು, ಆಟ ನಿಂತಿತು. ಅದನ್ನು ನೋಡಿ ಇಲ್ಲಿಯವರ ರಕ್ತ ಕುದಿಯಿತು. "ಮನೆಗೆ ಕರ್ದು ಕಲ್ಲಲ್ಲಿ ಒಡೀತಾರಲ್ಲ, ಇವ್ರ ವಂಸ ನಾಸ್ವಾಗ" ಎಂದು ಚಲುವಯ್ಯ ಬಯ್ದದ್ದು ಚಿಕ್ಕಬೋರಮ್ಮನ ಒಲೆಯವರೆಗೆ ಕೇಳಿಸಿತು. ಆಟ ಮತ್ತೆ ಶುರುವಾಯಿತು. ನಮ್ಮವರು ಇನ್ನೂರ ಅರವತ್ತಾರು ಹೊಡೆಯಬೇಕಿತ್ತು.

ಹೊತ್ತು ಇಳಿಯಿತು. ಚಿಕ್ಕಬೋರಮ್ಮ ಮಿಂದು, ಮಂಕರಿಯಲ್ಲಿ ಮುದ್ದೆ, ಕೋಳಿ ಸಾರು, ಕಜ್ಜಾಯ, ಪಂಚೆ, ಬೀಡಿ ಕಟ್ಟು ಎಲ್ಲ ಜೋಡಿಸಿದಳು. ಸತ್ತವರಿಗೆ ಇಷ್ಟವಾದದ್ದನ್ನು ಎಲೆಯ ಪಕ್ಕ ಇಡುವುದು ರೂಢಿ. ಅವಳು ಟ್ರಾನ್ಸಿಸ್ಟರನ್ನೂ ಒರೆಸಿ ಇಟ್ಟುಕೊಂಡಳು. ಚಿಲಕ ತೆಗೆದು ನಡುಬಾಗಿಲು ನೂಕಿದಳು.

ನಡುಮನೆ ಬೀಡಿ ಹೊಗೆಯಿಂದ ತುಂಬಿತ್ತು. ಹಿರಿಯರ ಗೋಡೆಗೆ ಒರಗಿ, ಕಾಲು ಚಾಚಿ, ನಟ್ಟನಡುವೆ ಚಲುವಯ್ಯ ಕೂತಿದ್ದ. ಪಕ್ಕದಲ್ಲಿ ಯಜಮಾನ ದಾಸಯ್ಯನವರು.

"ಬಂತಪ್ಪ ಪಾಕಿಸ್ತಾನ," ಎಂದ ಚಲುವಯ್ಯ, ಟೀವಿಯಿಂದ ಕಣ್ಣು ಕೀಳದೆ. ನಾಲ್ಕು ಜನ ನಕ್ಕರು.

"ದೀಪ ಅಚ್ಚೋ ಹೊತ್ತಾಯ್ತು. ಜಾಗ ಬುಡು ಚಲುವ, ಎಲೆ ಆಕ್ಬೇಕು."

"ಎಲೆ ಎಲ್ಲಿಗೂ ಓಡೋಗಾಕಿಲ್ಲ ಅತ್ಗೆ. ಆಟ ಮುಗೀಲಿ."

"ಮುಗಿಯೋ ಒತ್ಗೆ ಕತ್ಲಾಯ್ತದೆ."

"ಆಗ್ಲಿ. ನಿಮ್ಮನೇಲಿ ದೀಪ ಇಲ್ವಾ? ಅಲ್ಲೇ ಮಡಿಕ್ಕೋ ಓಗು."

ದಾಸಯ್ಯನವರು ಸಮಾಧಾನ ಹೇಳಿದರು. "ಇನ್ನೇನು ಏಳೆಂಟು ಓವರು ಕಣವ್ವ. ಅಲ್ಲಿ ನಮ್ಮ ಉಡುಗ್ರಿಗೆ ಕಲ್ಲಲ್ಲಿ ಒಡುದ್ರು. ಇವತ್ತು ಗೆಲ್ಲಾದು ನೋಡ್ಬೇಕು. ಅಲ್ಲೀಗಂಟ ತಡ್ಕೋ."

"ಕಲ್ಲಲ್ಲಿ ಒಡುದ್ರೂ ಅವ್ರು ಕರ್ದವ್ರೆ ದಾಸಯ್ನೋರೆ," ಎಂದಳು ಚಿಕ್ಕಬೋರಮ್ಮ. "ಮನೆ ಒಳಿಕ್ಕೆ ಕರ್ದು, ಆಟ ಆಡ್ಸಿ, ಉಣ್ಣಾಕೂ ಇಕ್ಕವ್ರೆ. ಒಡವುಟ್ಟಿದೋನು ಇವ್ನು. ಇವ್ನು ಅಣ್ಣನ ಎಲೆಗೆ ಜಾಗ ಬುಡಾಕಿಲ್ಲ ಅಂತಾನೆ. ನಿಮ್ಮ ನ್ಯಾಯ ಎಲ್ಲೋಯ್ತು?"

ದಾಸಯ್ಯನವರು ಟೀವಿ ಕಡೆ ನೋಡಿದರು.

ಚಿಕ್ಕಬೋರಮ್ಮ ಮಂಕರಿ ಎತ್ತಿಕೊಂಡಳು. ಕೂತವರ ನಡುವೆ ದಾರಿ ಮಾಡಿಕೊಂಡು ಹೋಗಿ, ಚಲುವಯ್ಯನ ಪಾದದ ಹತ್ತಿರವೇ ಎಲೆ ಹಾಸಿದಳು. ನೀರು ಚಿಮುಕಿಸಿ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಹಿರಿಯರ ಎಲೆಗೆ ಅನ್ನ ಬಿದ್ದ ಮೇಲೆ ಬದುಕಿರುವವರು ಅದರ ಮುಂದೆ ಕೂರುವಂತಿಲ್ಲ, ಕಾಲು ಚಾಚುವಂತಿಲ್ಲ. ಚಲುವಯ್ಯನ ಕಾಲುಗಳು ತಾವಾಗಿ ಹಿಂದಕ್ಕೆ ಸರಿದವು. ಬೀಡಿ ಸೇದುತ್ತಿದ್ದವರು ಆರಿಸಿದರು. ಯಾರೋ ಒಬ್ಬ ಎದ್ದ, ಅವನ ಹಿಂದೆ ಇನ್ನೊಬ್ಬ. ಚಲುವಯ್ಯನ ಹೆಂಡತಿ ಮಂಚಮ್ಮ ಇಷ್ಟಕ್ಕೇ ಕಾದಿದ್ದವಳಂತೆ ಒಳಗಿನಿಂದ ತನ್ನ ಎಲೆಗಳನ್ನು ತಂದು ಪಕ್ಕದಲ್ಲಿ ಹಾಕಿದಳು, ಮಾವನಿಗೊಂದು, ಅತ್ತೆಗೊಂದು.

ಚಲುವಯ್ಯ ಎಲ್ಲರಿಗಿಂತ ಕೊನೆಗೆ ಎದ್ದ. ಮುಖ ಕಪ್ಪಿಟ್ಟಿತ್ತು. "ಟೀವಿ ಮಾತ್ರ ಆರ್ಸಾಕಿಲ್ಲ," ಎಂದ.

"ಆರ್ಸು ಅಂದೋರು ಯಾರು?" ಎಂದಳು ಚಿಕ್ಕಬೋರಮ್ಮ. ಟ್ರಾನ್ಸಿಸ್ಟರನ್ನು ದ್ಯಾವಯ್ಯನ ಎಲೆಯ ಬಲಕ್ಕೆ ಇಟ್ಟಳು. "ಅದು ಓಡ್ತಿರ್ಲಿ. ನಿಮ್ಮಣ್ಣ ನೋಡ್ಲಿ. ನೀವು ಆಚೆ ನಡೀರಿ."

ಎಡೆ ಇಟ್ಟು ದೀಪ ಹಚ್ಚಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಹಿರಿಯರು ಉಂಡು ಏಳುವವರೆಗೆ ಯಾರೂ ಒಳಗೆ ಹೋಗಬಾರದು, ಇಣುಕಬಾರದು. ಮೊದಲ ಎಲೆ ಹಾಕಿದವಳೇ ಮತ್ತೆ ಬಾಗಿಲು ತೆಗೆಯಬೇಕು. ಚಿಕ್ಕಬೋರಮ್ಮ ಕೈಮುಗಿದು, ಕಿಟಕಿಯ ಬಳಿಗೆ ಹೋದಳು.

"ಕಿಟ್ಕಿ ಯಾಕೆ?" ಎಂದ ಚಲುವಯ್ಯ.

"ಚಳಿಗಾಳಿ ನುಗ್ತದೆ," ಎಂದಳು. ಕಿಟಕಿ ಮುಚ್ಚಿ, ನಡುಬಾಗಿಲು ಹಾಕಿ, ಮುಂಬಾಗಿಲನ್ನು ಎಳೆದುಕೊಂಡು ಜಗುಲಿಯ ಮೇಲೆ ಅದಕ್ಕೇ ಒರಗಿ ಕೂತಳು.

ಹುಡುಗರು ಬಸ್‌ಸ್ಟ್ಯಾಂಡಿನ ಹೋಟೆಲಿನ ಟೀವಿಗೆ ಓಡಿದರು. ಚಲುವಯ್ಯ ಓಡುವಂತಿರಲಿಲ್ಲ. ಅಪ್ಪ ಅವ್ವ ಒಳಗೆ ಉಣ್ಣುತ್ತಿರುವಾಗ ಮನೆಯ ಮಗ ಬಾಗಿಲು ಬಿಟ್ಟು ಹೋಗಬಾರದು. ದಾಸಯ್ಯನವರೂ ಉಳಿದರು, ಜಗಳವಾದೀತೆಂದು.

ದಪ್ಪ ಹಲಗೆಯ ಬಾಗಿಲು. ಮಾತು ಕೇಳುತ್ತಿರಲಿಲ್ಲ, ಕರಾಚಿಯ ಜನರ ಬೊಬ್ಬೆ ಮಾತ್ರ ಕೇಳುತ್ತಿತ್ತು. ಒಮ್ಮೆ ಹೋ ಎಂದು ಎದ್ದಿತು.

"ನಮ್ಮೋನು ಔಟಾದ," ಎಂದ ಚಲುವಯ್ಯ, ಹಲ್ಲು ಕಚ್ಚಿ.

ಆಮೇಲೆ ಸದ್ದು ಅಡಗಿತು. "ಈಗ ಫೋರು ಒಡುದ್ರು," ಎಂದರು ದಾಸಯ್ಯನವರು. "ಅವ್ರು ಬಾಯಿ ಮುಚ್ಕೊಂಡ್ರೆ ನಮ್ಗೆ ರನ್ನು."

ಹಾಗೆ ಇಬ್ಬರೂ ಶತ್ರುವಿನ ಮೌನಕ್ಕೆ ಕಿವಿಗೊಟ್ಟು ಕೂತರು. ಬೊಬ್ಬೆ ಏಳುತ್ತಿತ್ತು, ಇಳಿಯುತ್ತಿತ್ತು. ಕತ್ತಲು ಕವಿಯಿತು. ಮತ್ತೊಂದು ಬೊಬ್ಬೆ ಎದ್ದಾಗ ಚಲುವಯ್ಯ ತಡೆಯಲಾರದೆ ಬಂದು ಬಾಗಿಲಿಗೆ ಕೈ ಹಾಕಿದ.

"ತಗೀ ಅತ್ಗೆ."

"ನಿಮ್ಮಪ್ಪ ಉಂಡ್ರಾ? ನಿಂಗೆ ಬಂದು ಏಳುದ್ರಾ?"

"ತಗೀ ಅಂದ್ರೆ ತಗೀಬೇಕು. ನನ್ನ ಮನೆ ಇದು."

"ಇರ್ಬೋದು. ಕಿಟ್ಕಿಯೂ ನಿಂದೇ. ಆವತ್ತು ಆ ಸರಳು ಇಡ್ಕೊಂಡು ಕೆಮ್ಕೊಂಡು ನಿಂತಿದ್ನಲ್ಲ, ಅವ್ನು ಯಾರ ಮನೇಲಿ ಕದಿಯಾಕ್ಬಂದಿದ್ದ? ಸಿವರಾತ್ರಿ ಕಳುದ್ಮೇಲೆ ಎಲ್ಲೀ ಚಳಿಗಾಳಿ ಕಣಪ್ಪ?"

ಚಲುವಯ್ಯನ ಕೈ ಚಿಲಕದ ಮೇಲೇ ಇತ್ತು. ತೆಗೆಯುವುದಾದರೆ ಅವಳನ್ನು ನೂಕಿಯೇ ತೆಗೆಯಬೇಕಿತ್ತು. ಆಗ ಮಂಚಮ್ಮ ಜಗುಲಿಯ ಮೂಲೆಯಿಂದ ಮೆಲ್ಲಗೆ ಹೇಳಿದಳು. "ಮಾವ್ನೋರು ಒಳ್ಗವ್ರೆ."

ಅವನು ಕೈ ತೆಗೆದ. ಜಗುಲಿಯಿಂದ ಇಳಿದು ಹೋಗಿ ಇಟ್ಟಿಗೆ ರಾಶಿಯ ಮೇಲೆ ಕೂತ.

ಒಳಗೆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಪಟಾಕಿ ಸಿಡಿಯಿತು, ಹುಡುಗರ ಕೇಕೆ ಬೀದಿ ಹಿಡಿದು ಬಂತು. ಗೆದ್ದರು ಎಂದು ಗೊತ್ತಾಯಿತು. ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದ ಚಲುವಯ್ಯ ಗೆಲುವನ್ನು ಕಾಣಲಿಲ್ಲ.

ಆಮೇಲೂ ಚಿಕ್ಕಬೋರಮ್ಮ ಅವಸರ ಮಾಡಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, ಕೆಮ್ಮಿ, ಬಾಗಿಲು ತಟ್ಟಿ, ತೆಗೆದಳು. ದೀಪ ನೆಟ್ಟಗೆ ಉರಿಯುತ್ತಿತ್ತು. ಟೀವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು. ಅದರ ಬೆಳಕು ಮೂರು ಎಲೆಗಳ ಮೇಲೂ ಟ್ರಾನ್ಸಿಸ್ಟರಿನ ಮೇಲೂ ಬೀಳುತ್ತಿತ್ತು. ಅವಳು ಅಡ್ಡಬಿದ್ದು ಎದ್ದು, ಎಡೆ ಎತ್ತಿಕೊಂಡು ತನ್ನ ಪಾಲಿಗೆ ಹೋದಳು. ಬಾಗಿಲ ಚಿಲಕ ಬಿತ್ತು.

ಗುರುವಾರ ಲಾಹೋರಿನಲ್ಲಿ ನಮ್ಮವರು ಹೀನಾಯವಾಗಿ ಸೋತರು. ಅದಕ್ಕೂ ಅತ್ತಿಗೆಯ ಶಾಪವೇ ಕಾರಣ ಎಂದು ಚಲುವಯ್ಯ ಬೀದಿಯಲ್ಲಿ ಸಾರಿದ. ಆಯುಧಪೂಜೆ ಕಳೆದ ಮೇಲೆ ಗಾರೆಯವನನ್ನು ಕರೆಸಿ ನಡುಬಾಗಿಲು ಮುಚ್ಚಿಸಲು ನಿಂತ. ದಾಸಯ್ಯನವರು ಬಂದು ತಡೆದರು.

"ಎಡೆ ಬಿದ್ದದೆ ಕಣ್ಲಾ. ನಾನೇ ಕಣ್ಣಾರೆ ಕಂಡೀವ್ನಿ. ಬಾಗ್ಲು ಮುಟ್ಟಾಂಗಿಲ್ಲ."

ಗಾರೆಯವನು ಬಂದಿದ್ದಾನೆ, ಇಟ್ಟಿಗೆ ರಾಶಿ ಬಿದ್ದಿದೆ, ಸಿಟ್ಟು ಇಳಿದಿಲ್ಲ. ಚಲುವಯ್ಯ ಓಣಿ ಕಡೆಯ ಕಿಟಕಿಯನ್ನು ಕಿತ್ತು ಹಾಕಿ, ಅಲ್ಲಿಗೆ ಗೋಡೆ ಕಟ್ಟಿಸಿದ. ನಡುಮನೆ ಕತ್ತಲಾಯಿತು. ಹಗಲಲ್ಲೂ ಬಲ್ಬು ಹಾಕಬೇಕಾಯಿತು. ಎರಡು ಮನೆಗಳ ನಡುವೆ ಇಂದಿಗೂ ಮಾತಿಲ್ಲ. ಪಕ್ಷದ ದಿನ ನಡುಬಾಗಿಲ ಚಿಲಕ ತೆರೆಯುತ್ತದೆ, ಅಷ್ಟೇ.

ಕಿಟಕಿಗೆ ಗಾರೆ ಮೆತ್ತುವುದನ್ನು ತಿಮ್ಮರಾಜು ನೋಡಿ ಬಂದು ತಾಯಿಗೆ ಹೇಳಿದ. ಅವಳು ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಮುಚ್ಕೊಳ್ಲಿ ಬುಡು," ಎಂದಳು. "ಕಿಟ್ಕೀಲಿ ನಿಂತು ನೋಡೋರು ಈಗ್ಯಾರವ್ರೆ. ನಿಮ್ಮಪ್ಪ ಒಳ್ಗೆ ಕುಂತವ್ನೆ."