ಯೆಸ್ ಒತ್ತದ ಬೆರಳು

ಕಿರುಗಾವಲಿನ ಶಾಲಿನಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಕೆ ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ತಪ್ಪೇ ಮಾಡದವರ ಕತೆ ಬೇಕಾದವರು ಪುಟ ತಿರುವಿಕೊಳ್ಳಲಿ, ಅಂಥ ಪುಣ್ಯವಂತರ ಕತೆಗಳಿಗೇನು ಬರವಿಲ್ಲ.

ಮದ್ದೂರಿನ ಆಚೆ ಒಂದು ಗಾರ್ಮೆಂಟ್ಸ್ ಇದೆ. ಮಳವಳ್ಳಿ ಕಡೆಯಿಂದಲೂ ಮಂಡ್ಯ ಕಡೆಯಿಂದಲೂ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರುವ ಬಸ್ಸುಗಳು ಬೆಳಿಗ್ಗೆ ಅದರ ಗೇಟಿನೊಳಗೆ ನುಗ್ಗುತ್ತವೆ. ಪಿಯುಸಿ ಮುಗಿಸಿದ ಶಾಲಿನಿಯೂ ಹಾಗೇ ಬಸ್ಸು ಹತ್ತಿದವಳು. ತಾಯಿ ಮಂಚಮ್ಮ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವರು. ಮಗಳಿಗೆ ಸಿಕ್ಕಿದ್ದು ಹೆಲ್ಪರ್ ಕೆಲಸ. ಹೊಲಿದು ಬಂದ ಅಂಗಿಯಲ್ಲಿ ಜೋತುಬಿದ್ದ ದಾರದ ತುದಿಗಳನ್ನು ನಿಂತೇ ಕತ್ತರಿಸಬೇಕು. ಬಾತ್‌ರೂಮಿಗೆ ಹೋಗಬೇಕಾದರೂ ಸೂಪರ್‌ವೈಸರ್ ‘ಹೂಂ’ ಅನ್ನಬೇಕು.

ಅದೇ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಒಂದು ತಣ್ಣನೆಯ ಕೋಣೆ. ಪ್ಯಾಟ್ರನ್ ರೂಮ್ ಅನ್ನುತ್ತಾರೆ. ಅಂಗಿಯ ತೋಳು, ಬೆನ್ನು, ಕಾಲರು ಎಲ್ಲವೂ ಅಲ್ಲಿ ಮೊದಲು ಕಂಪ್ಯೂಟರಿನ ಮೇಲೆ ಗೆರೆಗಳಾಗಿ ಹುಟ್ಟುತ್ತವೆ. ಆ ಗೆರೆಗಳನ್ನು ಉದ್ದನೆಯ ಕಾಗದದ ಮೇಲೆ ಪ್ರಿಂಟ್ ತೆಗೆದು ಬಟ್ಟೆಯ ಅಟ್ಟಿಯ ಮೇಲೆ ಹಾಸುತ್ತಾರೆ. ಕಟಿಂಗ್ ಮಾಸ್ಟರ್ ಕಾಗದ, ಬಟ್ಟೆ ಎರಡನ್ನೂ ಸೇರಿಸಿ ಗೆರೆಯ ಮೇಲೇ ಕತ್ತರಿಸುತ್ತಾನೆ. ಸ್ಯಾಂಪಲ್ ಅಂಗಿ ಕೊಡಲು ಆ ಕೋಣೆಗೆ ಹೋಗುತ್ತಿದ್ದ ಶಾಲಿನಿ ಕೊಟ್ಟು ಬರುವ ಬದಲು ನಿಂತು ನೋಡುತ್ತಿದ್ದಳು. ಅಲ್ಲಿ ಆಪರೇಟರ್ ಆಗಿದ್ದ ಸುನಿತಾಗೆ ಆಗ ಏಳು ತಿಂಗಳು. ತನ್ನ ಜಾಗಕ್ಕೆ ಯಾರನ್ನಾದರೂ ತಯಾರು ಮಾಡಿ ಹೋಗಬೇಕಿತ್ತು.

“ಬಾರಮ್ಮಿ, ಅಲ್ಲೇ ನಿಂತು ಏನ್ ನೋಡ್ತೀಯ, ಕೂತ್ಕೊ” ಎಂದು ಸುನಿತಾ ಪಕ್ಕದ ಕುರ್ಚಿ ಎಳೆದಳು. “ಮೇಲ್ಗಡೆ ಮೂಲೇಲಿ ಫೈಲ್ ಅಂತ ಅದೆಯಲ್ಲ, ಅದ್ರೊಳ್ಗೇ ಎಲ್ಲಾ ಇರಾದು. ಓಪನ್ ಅಂದ್ರೆ ನಮ್ಮನೆ ಬೀರು ನಾವೇ ತೆಗ್ದಂಗೆ. ಇಂಪೋರ್ಟ್ ಅಂದ್ರೆ ನೆಂಟ್ರು ಬಂದಂಗೆ. ಅಂಗಿ ಕೊಳ್ಳೋ ಬಯ್ಯರ್ ಕಳ್ಸಿರಾದು ಬ್ಯಾರೆ ಸಾಫ್ಟ್‌ವೇರ್‌ದು. ಬಂದೇಟ್ಗೆ ಒಳೀಕ್ ಬರಕಿಲ್ಲ, ಅದು ಬೇಕಾ, ಇದು ಬೇಕಾ ಅಂತ ಬಾಗ್ಲಲ್ಲೇ ನಿಂತು ಕೇಳ್ತದೆ.”

“ಕೇಳ್ದಾಗ ಏನನ್ನಾದು?”

“ಯೆಸ್ ಅನ್ನು. ಇನ್ನೇನಂತೀಯ?”

ಸೇವ್ ಮಾಡುವುದನ್ನೂ ಸುನಿತಾ ಅಷ್ಟೇ ಸಲೀಸಾಗಿ ಹೇಳಿಕೊಟ್ಟಳು. ಅದೇ ಹೆಸರಿನಲ್ಲಿ ಸೇವ್ ಮಾಡಿದರೆ ಹಳೆಯದು ಅಳಿಸಿಹೋಗಿ ಹೊಸದು ಕೂರುತ್ತದೆ. ಸೇವ್ ಆಸ್ ಅಂತ ಬೇರೆ ಹೆಸರು ಕೊಟ್ಟರೆ ಎರಡೂ ಇರುತ್ತವೆ. ಶಾಲಿನಿ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಆ ಮೆನುವನ್ನು ಮನಸ್ಸಿನಲ್ಲೇ ತೆರೆದು ಮುಚ್ಚಿ ಕಲಿತಳು. ಸುನಿತಾ ಹೆರಿಗೆಗೆ ಹೋದ ಮೇಲೆ ಆ ಕುರ್ಚಿ ಆಕೆಯದಾಯಿತು. ಅಂದು ಮನೆಗೆ ಹೋಗಿ ಹೇಳಿದರೆ ಮಂಚಮ್ಮ ಕೇಳಿದ್ದು ಒಂದೇ ಮಾತು: “ಕೂತ್ಕಂಡು ಮಾಡೋ ಕೆಲ್ಸವಾ?”

ಸುನಿತಾಳ ಆ ‘ಯೆಸ್ ಅನ್ನು’ ಇದೆಯಲ್ಲ, ಅದು ಅವಳೊಬ್ಬಳ ಮಾತಲ್ಲ. ನಮ್ಮ ಹೆಣ್ಣುಮಕ್ಕಳಿಗೆ, ಅದರಲ್ಲೂ ಊರಿನ ಕೊನೆಯ ಬೀದಿಯಿಂದ ಬಂದವರಿಗೆ, ನಾವು ಕಲಿಸಿದ ಮೊದಲ ವಿದ್ಯೆಯೇ ಅದು. ಮೇಷ್ಟ್ರು ಗದರಿದರೆ ಹೂಂ, ಗದ್ದೆಯ ಯಜಮಾನ ಕೂಗಿದರೆ ಹೂಂ, ಸೂಪರ್‌ವೈಸರ್ ಅರ್ಧ ಗಂಟೆ ಹೆಚ್ಚು ನಿಲ್ಲು ಎಂದರೂ ಹೂಂ. ಎದುರಿಗಿದ್ದವರು ಏನು ಕೇಳಿದರು ಅನ್ನುವುದಕ್ಕಿಂತ ಅವರು ಕೇಳಿದರು ಅನ್ನುವುದೇ ದೊಡ್ಡದು. ಇಷ್ಟು ವರ್ಷ ಹೀಗೆ ಬೆಳೆಸಿ, ಕೊನೆಗೆ ಕಂಪ್ಯೂಟರಿನ ಮುಂದೆ ಕೂರಿಸಿ, ಆಕೆ ಪ್ರಶ್ನೆ ಓದಲಿಲ್ಲ ಅಂತ ಬಯ್ಯುವುದಕ್ಕೆ ನಮಗೆ ನಾಚಿಕೆಯಾಗಬೇಕು.

ಆಗಿದ್ದಿಷ್ಟು. ಕೆಲವು ಬಟ್ಟೆ ತೊಳೆದರೆ ಕುಗ್ಗುತ್ತದೆ, ಅದಕ್ಕೇ ಮೊದಲೇ ಅಳತೆಯನ್ನು ಸ್ವಲ್ಪ ಹಿಗ್ಗಿಸಿಕೊಳ್ಳುತ್ತಾರೆ. ಆ ಸಲ ಬಯ್ಯರ್ ತಾನೇ ಹಿಗ್ಗಿಸಿ ಕಳಿಸಿದ್ದ. ಶಾಲಿನಿ ಇಂಪೋರ್ಟ್ ಮಾಡುವಾಗ ಪರದೆಯ ಮೇಲೆ ಪೆಟ್ಟಿಗೆಯೊಂದು ಎದ್ದು, ಕುಗ್ಗುವುದಕ್ಕೆ ಅಳತೆ ಸೇರಿಸಲೇ ಎಂದು ಕೇಳಿತು. ಆಕೆ ಯೆಸ್ ಒತ್ತಿದಳು. ಹಿಗ್ಗಿದ್ದು ಮತ್ತೆ ಹಿಗ್ಗಿತು.

ಒಂದು ಅಂಗಿ ಹೊಲಿದು, ತೊಳೆದು, ಅಳೆದು ನೋಡಿ ಆಮೇಲೆ ಉಳಿದ ಬಟ್ಟೆ ಕತ್ತರಿಸಬೇಕು ಅನ್ನುವುದು ಅಲ್ಲಿಯ ಕ್ರಮ. ಕಟಿಂಗ್ ಮಾಸ್ಟರ್ ಕೆಂಪಸಿದ್ದಯ್ಯ, ಕೊಕ್ಕರೆ ಬೆಳ್ಳೂರಿನ ಹಿರಿಯರು, “ತೊಳ್ದು ನೋಡಾದು ಬ್ಯಾಡ್ವಾ ಸಾ?” ಎಂದು ಕೇಳಿಯೂ ಇದ್ದರು. ಮ್ಯಾನೇಜರ್ “ಟೈಮಿಲ್ಲ, ಕತ್ತರಿ ಹಾಕ್ರೀ” ಎಂದ. ಹಾಕಿದರು.

ತೊಳೆದು ಬಂದ ಅಂಗಿಗಳ ತೋಳುಗಳು ಬೆರಳ ತುದಿ ದಾಟಿ ತೂಗುತ್ತಿದ್ದವು. ಕಟಿಂಗ್ ವಿಭಾಗದ ಪಟ್ಟಲಮ್ಮ ಒಂದನ್ನು ಸೀರೆಯ ಮೇಲೆಯೇ ತೊಟ್ಟು ಕೈ ಚಾಚಿ ನಿಂತಳು. “ನೋಡ್ರಮ್ಮಿ, ರಾಗಿ ಹೊಲ್ದ ಬೆರ್ಚಪ್ಪ ಆಗೋದೆ.”

ನಕ್ಕವರ ನಗು ಮಧ್ಯಾಹ್ನದ ಹೊತ್ತಿಗೆ ಇಂಗಿತು. ಕೆಂಪಸಿದ್ದಯ್ಯನವರು ಗೆರೆ ಬಿಟ್ಟು ಕತ್ತರಿಸಿದ್ದಾರೆ, ಸೋಮವಾರದಿಂದ ಬರುವುದು ಬೇಡ ಅನ್ನುವ ಸುದ್ದಿ ಬಂತು. ಅಲ್ಲ ಎನ್ನಲು ಅವರ ಬಳಿ ಏನಿದೆ? ಗೆರೆಯಿದ್ದ ಕಾಗದ ಬಟ್ಟೆಯ ಜೊತೆಗೇ ಚೂರಾಗಿ ಕಸಕ್ಕೆ ಹೋಗಿತ್ತು. ಉಳಿದದ್ದು ಕಂಪ್ಯೂಟರಿನೊಳಗಿನ ಫೈಲು ಮಾತ್ರ.

ಮ್ಯಾನೇಜರ್‌ಗೂ ಅದು ಗೊತ್ತಿತ್ತು. ಪ್ಯಾಟ್ರನ್ ತಪ್ಪು ಅಂತಾದರೆ, ತೊಳೆದು ನೋಡಲು ಬಿಡದ ಅವನೂ ಸಿಕ್ಕಿಬೀಳುತ್ತಾನೆ. ಗಾಜಿನ ಬಾಗಿಲು ಹಾಕಿಕೊಂಡು ಶಾಲಿನಿಯ ಕುರ್ಚಿಯ ಹಿಂದೆ ಬಂದು ನಿಂತ.

“ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬಯ್ಯರ್ ಕಳಿಸಿದ್ದನ್ನ ಇನ್ನೊಂದ್ಸಲ ಇಂಪೋರ್ಟ್ ಮಾಡು. ಕುಗ್ಗೋದು ಕೇಳಿದಾಗ ನೋ ಒತ್ತು. ಹಳೇ ಹೆಸರಲ್ಲೇ ಸೇವ್ ಮಾಡು. ಮುಗೀತು.”

“ಆಮ್ಯಾಕೆ ಸಾ?”

“ಆಮೇಲೇನು? ಪ್ಯಾಟ್ರನ್ ಸರಿಯಾಗೇ ಇತ್ತು. ನೀನು ಕುರ್ಚೀಲಿ ಇರ್ತೀಯ.”

ಶಾಲಿನಿ ಇಂಪೋರ್ಟ್ ಮಾಡಿದಳು. ಈ ಸಲ ಪ್ರಶ್ನೆಯನ್ನು ಪೂರ್ತಿ ಓದಿ ನೋ ಒತ್ತಿದಳು. ಹಳೆಯ ಹೆಸರು ಬರೆದು ಸೇವ್ ಕೊಟ್ಟಳು. ಪೆಟ್ಟಿಗೆ ಮತ್ತೆ ಎದ್ದಿತು: ಈ ಹೆಸರಿನ ಫೈಲು ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಇಡಲೇ?

ಮೌಸಿನ ಮೇಲಿದ್ದ ಕೈಯನ್ನು ಆಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಒತ್ತು” ಎಂದ ಮ್ಯಾನೇಜರ್.

“ಇಲ್ಲ ಸಾ.”

“ಏನಿಲ್ಲ?”

“ಇದ್ನ ಒತ್ತಿದ್ರೆ ಮಾಸ್ಟ್ರು ಮನೇಗೋಯ್ತಾರೆ. ಬಟ್ಟೆ ಕೆಡ್ಸಿದ್ದು ನಾನು. ಬೇಕಾದ್ರೆ ನೀವೇ ಒತ್ತಿ ಸಾ. ನಾನು ಓಗಿ, ಯೆಸ್ ಒತ್ತಿದ್ದು ನಾನೇ ಅಂತ ಅವ್ರಿಗೆ ಯೋಳ್ತೀನಿ.”

ಮೌಸು ಅವನ ಕೈಗೆಟುಕುವ ದೂರದಲ್ಲೇ ಇತ್ತು. ಅವನು ಒತ್ತಲಿಲ್ಲ. ಇಂಥ ದೊಡ್ಡವರಿಗೆ ಬೆರಳಿಲ್ಲ ಅಂತಲ್ಲ, ಅನ್ಯಾಯಕ್ಕೆ ಯಾವಾಗಲೂ ಇನ್ನೊಬ್ಬರ ಬೆರಳೇ ಬೇಕು. ನಾಳೆ ಕೇಳುವವರು ಬಂದರೆ ತೋರಿಸಲು ಹೆಲ್ಪರ್ ಆಗಿ ಬಂದ ಹುಡುಗಿಯೊಬ್ಬಳ ಕೈ ಇರಬೇಕು. ಆ ಕೈ ಮಡಿಲು ಸೇರಿದ್ದೇ ತಡ, ಮ್ಯಾನೇಜರಿಕೆ ಪೂರಾ ನಿಂತುಹೋಯಿತು.

ಶಾಲಿನಿ ಆ ಪೆಟ್ಟಿಗೆಗೆ ನೋ ಕೊಟ್ಟು, ಸರಿಯಾದ ಪ್ಯಾಟ್ರನ್ನನ್ನು ಸೇವ್ ಆಸ್ ಮಾಡಿ ಬೇರೆ ಹೆಸರಿನಲ್ಲಿಟ್ಟಳು. ತಾನು ಕೆಡಿಸಿದ್ದು ಅದರ ಪಕ್ಕದಲ್ಲೇ ಹಾಗೇ ಉಳಿಯಿತು. ಬಾಗಿಲು ತೆಗೆದು ನೇರ ಕಟಿಂಗ್ ಟೇಬಲ್ಲಿನ ಹತ್ತಿರ ಹೋದಳು. ಕೆಂಪಸಿದ್ದಯ್ಯ ತಮ್ಮ ಟೇಪು, ಸೀಮೆಸುಣ್ಣಗಳನ್ನು ಊಟದ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು.

“ಮಾಸ್ಟ್ರೇ, ತಪ್ಪು ನಂದು. ಕಂಪ್ಯೂಟ್ರು ಕೇಳ್ದಾಗ ಓದ್ದೆ ಯೆಸ್ ಒತ್ಬುಟ್ಟೆ. ನೀವು ಗೆರೆ ಮ್ಯಾಲೇ ಕತ್ರಿಸೀರಿ.”

ಮೆಷಿನ್ನುಗಳ ಸದ್ದಿನ ನಡುವೆಯೂ ಆ ಮಾತು ಟೇಬಲ್ಲಿನ ಸುತ್ತ ಇದ್ದವರಿಗೆಲ್ಲ ಕೇಳಿಸಿತು. ಪಟ್ಟಲಮ್ಮ ಹಣೆ ಚಚ್ಚಿಕೊಂಡಳು. “ನಿನ್ನ ಯಾರಾರಾ ಕೇಳುದ್ರಾ? ಬಾಯ್ಮುಚ್ಕಂಡು ಏಸಿ ರೂಮ್ನಾಗೆ ಕೂತಿರಕ್ಕೆ ಏನಾಗಿತ್ತಮ್ಮಿ ನಿಂಗೆ!”

ಕೆಂಪಸಿದ್ದಯ್ಯ ಚೀಲದಿಂದ ಟೇಪು ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡರು. “ನನ್ನ ಉಳ್ಸಕ್ಕೋಗಿ ನಿನ್ನ ಅನ್ನ ಕಳ್ಕಂಡಲ್ಲವ್ವ.”

“ನಿಮ್ಮುನ್ನ ಉಳ್ಸಿಲ್ಲ ಮಾಸ್ಟ್ರೇ. ಮಾಡ್ದೋರು ಯಾರು ಅಂತ ಯೋಳ್ದೆ, ಅಷ್ಟೇಯ.”

ಇಡೀ ವಿಭಾಗ ಕೇಳಿಸಿಕೊಂಡದ್ದನ್ನು ಯಾವ ಫೈಲಿನಲ್ಲೂ ಅಳಿಸಲಾಗುವುದಿಲ್ಲ. ಸೋಮವಾರ ಕೆಂಪಸಿದ್ದಯ್ಯ ಬಂದರು, ಯಾರೂ ತಡೆಯಲಿಲ್ಲ. ಶಾಲಿನಿಯನ್ನು ಮಾತ್ರ ಗಾಜಿನ ಕೋಣೆಯಿಂದ ತೆಗೆದು ದಾರ ಕತ್ತರಿಸುವ ಸಾಲಿಗೆ ಹಾಕಿದರು. ಮ್ಯಾನೇಜರ್ ಮ್ಯಾನೇಜರ್ ಆಗಿಯೇ ಇದ್ದಾನೆ. ಇದನ್ನು ಬರೆಯುವಾಗ ನನ್ನ ರಕ್ತ ಕುದಿಯುತ್ತದೆ. ಆಕೆಗೆ ಹಾಗೇನಿಲ್ಲ. “ಬಟ್ಟೆ ಕೆಟ್ಟೋಗಿದ್ದು ನಿಜ ಅಲ್ವಾ ಸಾ” ಅನ್ನುತ್ತಾಳೆ. ಮಗಳಿಗೆ ಮತ್ತೆ ನಿಂತು ಮಾಡುವ ಕೆಲಸ ಬಂತು ಅಂತ ಮಂಚಮ್ಮ ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಎಣ್ಣೆ ಬಿಸಿ ಮಾಡಿ ತಂದು ಕಾಲು ನೀವಿದರಂತೆ.

ಪ್ಯಾಟ್ರನ್ ರೂಮಿಗೆ ಈಗ ಪ್ರಸನ್ನ ಎಂಬ ಹೊಸಬ ಬಂದಿದ್ದಾನೆ. ಒಳ್ಳೆಯವನು, ಕೆಲಸ ಗೊತ್ತಿರುವವನು. ಹೊಸ ಅಂಗಿಯ ಗೆರೆ ಕಾಗದ ಟೇಬಲ್ಲಿಗೆ ಬಂದಾಗಲೆಲ್ಲ ಕೆಂಪಸಿದ್ದಯ್ಯ ಮಾತ್ರ ಕತ್ತರಿಸುವ ಮೆಷಿನ್ನಿಗೆ ಕೈ ಹಾಕುವುದಿಲ್ಲ.

“ಶಾಲಿನೀನ ಕರೀರಿ” ಅನ್ನುತ್ತಾರೆ.

“ಅವಳ ಲೈನ್ ನಿಲ್ಲುತ್ತೆ ಕಣ್ರೀ” ಅಂತ ಸೂಪರ್‌ವೈಸರ್ ಸಿಡುಕುತ್ತಾನೆ.

“ನಿಲ್ಲಲಿ ಬುಡಿ. ಅವ್ಳು ನೋಡ್ದೆ ನಾನು ಕತ್ರಿಸಕಿಲ್ಲ. ಕೆಟ್ಟಿದ್ದು ನನ್ನಿಂದ ಅಂತ ಬಾಯ್ಬಿಟ್ಟು ಯೋಳ್ದೋಳು ಈ ಬಿಲ್ಡಿಂಗ್ನಾಗೆ ಅವ್ಳೊಬ್ಳೇಯ.”

ಶಾಲಿನಿ ಬಟ್ಟೆಗೆ ಅಂಟಿದ ದಾರದ ಚೂರುಗಳನ್ನು ಕೊಡವಿಕೊಂಡು ಬರುತ್ತಾಳೆ. ಟೇಪಿನ ಒಂದು ತುದಿ ಅವರು ಹಿಡಿಯುತ್ತಾರೆ, ಇನ್ನೊಂದು ತುದಿ ಈಕೆ. ತೋಳಿನ ಗೆರೆಯ ಮೇಲೆ ಬಗ್ಗಿ ಅಳೆಯುತ್ತಾರೆ. ಸೂಪರ್‌ವೈಸರ್ “ಸರಿ ಇದೆ ತಾನೇ, ಕತ್ತರಿಸೋಣ್ವಾ?” ಎಂದು ಅವಸರಿಸುತ್ತಾನೆ.

“ತಡೀರಿ ಸಾ” ಅನ್ನುತ್ತಾಳೆ ಶಾಲಿನಿ. “ಇನ್ನೊಂದು ತೋಳು ನೋಡಿಲ್ಲ.”